ಹಿತ್ತಲು, ಅಡಿಗೆಮನೆ ಮತ್ತು ಕಮಾನುಬಂಡಿ

ಚನ್ನಗಿರಿ ಸೀಮೆಯಲ್ಲಿ ಅಡಿಕೆಯ ತೋಟವು ವರ್ಷೇ ವರ್ಷೇ ವಿಸ್ತಾರವಾಗುತ್ತ ಬಂದಿರುವುದು ಈ ಪತ್ರಿಕೆಯ ವಾಚಕರೆಲ್ಲರೂ ಬಲ್ಲ ಸಂಗತಿಯೇ ಸರಿ. ಭದ್ರಾ ಕಾಲುವೆಯ ನೀರಿನಿಂದ ಬತ್ತದ ಗದ್ದೆಗಳಾದ ಭೂಮಿಯೂ, ಕೊಳವೆ ಬಾವಿಗಳು ಬರುವುದಕ್ಕೆ ಮುಂಚೆ ರಾಗಿ ಜೋಳಗಳ ಹೊಲಗಳಾಗಿದ್ದ ಭೂಮಿಯೂ ಈಗ ಬಹುಮಟ್ಟಿಗೆ ಅಡಿಕೆಯ ವಶವಾಗಿವೆ. ಇದರಿಂದ ಎಷ್ಟೋ ಒಕ್ಕಲುಗಳ ಸಾಲ ತೀರಿತು. ಮಕ್ಕಳ ವಿದ್ಯಾಭ್ಯಾಸ ನಡೆಯಿತು. ಹೆಂಚಿನ ಮನೆಯಿದ್ದಲ್ಲಿ ತಾರಸಿಯ ಮನೆ ಎದ್ದಿತು. ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ತೋಟವು ಹೊಲವನ್ನು ನುಂಗಿ, ಕಣವನ್ನು ನುಂಗಿ, ಕಡೆಗೆ ಮನೆಯ ಹಿಂದಣ ಗೋಡೆಗೆ ಬಂದು ನಿಂತಿರುವುದು. ನಾಲ್ಕು ಎಕರೆ ತೋಟವುಳ್ಳ ಯಜಮಾನರ ಮನೆಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕಾದರೂ ಸಂತೆಯ ದಿನವನ್ನೇ ಎದುರು ನೋಡಬೇಕಾಗಿದೆ. ಹಿತ್ತಲೆಂಬ ಹೆಸರು ಮಾತ್ರ ಉಳಿದು, ಹಿತ್ತಲು ಹೋಯಿತು. ಅದು ಬಡತನದಿಂದ ಹೋದುದಲ್ಲ, ಸಂಪತ್ತಿನಿಂದ ಹೋದುದು. ಮೊದಲು ಹೋದುದು ಊರಿನ ಹಿರಿಯರ ಮನೆಗಳಿಂದಲೇ ಎಂಬುದನ್ನೂ ಹೇಳದೆ ಬಿಡುವಂತಿಲ್ಲ.

ಸೂಳೆಕೆರೆಯ ಕೆಳಗಿನ ಒಂದು ಗ್ರಾಮದಲ್ಲಿ ಅರುವತ್ತರ ಆಸುಪಾಸಿನ ದಂಪತಿಗಳು ಇರುವರು. ಅವರಿಗೆ ಮೂರು ಎಕರೆ ಅಡಿಕೆ, ಅರ್ಧ ಎಕರೆ ಗದ್ದೆ, ಒಂದು ಜೊತೆ ಎತ್ತು, ಕರೆಯುವ ಒಂದು ಹಸು, ತಂದೆಯ ಕಾಲದ ಒಂದು ಕಮಾನುಬಂಡಿ ಇವಿಷ್ಟು ಉಂಟು. ಮನೆಯಲ್ಲಿ ವೃದ್ಧ ತಾಯಿ, ಮಗ, ಸೊಸೆ ಸೇರಿ ಐವರು. ಇವರ ಸ್ಥಿತಿಯು ಆ ಊರಿನ ಇತರ ಮಧ್ಯಮ ಹಿಡುವಳಿದಾರರ ಸ್ಥಿತಿಗಿಂತ ಹೆಚ್ಚಲ್ಲ, ಕಡಿಮೆಯೂ ಅಲ್ಲ. ಆದರೂ ಇವರ ಜೀವನಕ್ರಮವು ಮೂರು ವಿಷಯಗಳಲ್ಲಿ ನೆರೆಯವರದಕ್ಕಿಂತ ಬೇರೆಯಾಗಿದೆ: ಮನೆಯ ಹಿಂದೆ ಕಾಯಿಪಲ್ಯದ ಹಿತ್ತಲನ್ನು ಉಳಿಸಿಕೊಂಡಿದ್ದಾರೆ, ಮೂರು ಹೊತ್ತೂ ಮನೆಯ ಅಡಿಗೆಯನ್ನೇ ಉಣ್ಣುತ್ತಾರೆ, ವರ್ಷಕ್ಕೊಮ್ಮೆ ಬಂಡಿ ಕಟ್ಟಿಕೊಂಡು ಹತ್ತು ಹನ್ನೆರಡು ದಿನ ಊರು ಬಿಟ್ಟು ಹೋಗುತ್ತಾರೆ. ನೋಡುವವರಿಗೆ ಇವು ಮೂರು ಬೇರೆ ಬೇರೆ ಹವ್ಯಾಸಗಳೆಂದು ತೋರಬಹುದು. ಪರಿಶೀಲಿಸಿದರೆ ಒಂದಿಲ್ಲದೆ ಇನ್ನೊಂದು ನಿಲ್ಲತಕ್ಕದ್ದಲ್ಲವೆಂದು ತಿಳಿಯುವುದು.

ಕೆಲವು ವರ್ಷಗಳ ಹಿಂದೆ ಇವರ ಮಗನು ಹಿತ್ತಲಿನಲ್ಲಿಯೂ ಅಡಿಕೆ ನೆಡಬೇಕೆಂದು ಮೂವತ್ತಕ್ಕೆ ಮೇಲ್ಪಟ್ಟು ಸಸಿಗಳನ್ನು ಮನೆಯ ಬಾಗಿಲಿಗೆ ತಂದಿಳಿಸಿದನು. ತಂದೆಯು ಏನೂ ಆಡಲಿಲ್ಲ. ತಾಯಿಯು ಮಾತ್ರ, "ಇದರ ಕಾಯಿಂದ ಒಂದು ಹೊತ್ತಿನ ಸಾರು ಕಾಸಿ ತೋರಿಸಪ್ಪ, ಆಮೇಲೆ ನೆಡುವಿಯಂತೆ" ಎಂದಳು. ಸಸಿಗಳು ಗದ್ದೆಯ ಅಂಚಿಗೆ ಹೋದುವು. ಊರಿನಲ್ಲಿ ಈ ಮಾತು ಹಲವು ದಿನ ನಗೆಗೆ ಕಾರಣವಾಯಿತು. ಆದರೆ ಮಗನ ಪಕ್ಷದಲ್ಲಿಯೂ ನ್ಯಾಯವಿಲ್ಲದೆ ಇಲ್ಲ. ಅವನ ಲೆಕ್ಕವನ್ನು ಮುಂದೆ ಸರಿಯಾಗಿಯೇ ನೋಡಬೇಕು.

ಆ ಹಿತ್ತಲು ಐವತ್ತು ಅಡಿ ಅಗಲ, ಐವತ್ತನಾಲ್ಕು ಅಡಿ ಉದ್ದ, ಅಂದರೆ ಎರಡೂವರೆ ಗುಂಟೆಗೆ ಕೂದಲೆಳೆಯಷ್ಟು ಕಡಿಮೆ. ನುಗ್ಗೆ, ನಿಂಬೆ, ಕರಿಬೇವು, ಪರಂಗಿ ಇವುಗಳೆಲ್ಲ ಉತ್ತರದ ಅಂಚಿನಲ್ಲಿ ಇವೆ. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲುವುದರಿಂದ ಅವುಗಳ ನೆರಳು ಮಡಿಗಳ ಮೇಲೆ ಬೀಳದೆ ಬೇಲಿಯ ಆಚೆಗೆ ಬೀಳುತ್ತದೆ. ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಬುಡ ಬಾಳೆ, ಅದರ ಕೆಳಗೆ ಕೆಸವು. ಬೇಲಿಯ ಮೇಲೆ ಹೀರೆ, ಹಾಗಲ, ಬಸಳೆ. ಬಾವಿಯ ಮಗ್ಗುಲಿಗೆ ಚಪ್ಪರದವರೆ. ನಡುವೆ ಉಳಿದ ನೆಲವನ್ನು ಎಂಟು ಮಡಿಗಳಾಗಿ ಮಾಡಿ ಬದನೆ, ಬೆಂಡೆ, ಮೆಣಸಿನ ಗಿಡ, ಟೊಮಾಟೋ, ಮೂಲಂಗಿ, ದಂಟು, ಹರಿವೆ, ಮೆಂತ್ಯ ಇವುಗಳನ್ನು ಸರದಿಯ ಮೇಲೆ ಬೆಳೆಯುತ್ತಾರೆ. ಬದನೆ, ಮೆಣಸು, ಟೊಮಾಟೋ ಮೂರೂ ಒಂದೇ ಕುಲದವಾದ್ದರಿಂದ ಒಂದರ ಹಿಂದೆ ಇನ್ನೊಂದನ್ನು ಅದೇ ಮಡಿಯಲ್ಲಿ ಹಾಕುವುದಿಲ್ಲ. ಹಾಕಿದರೆ ಸೊರಗು ರೋಗವು ಮಣ್ಣಿನಲ್ಲಿ ನೆಲೆಯೂರಿ, ಹೂವಿಗೆ ಬಂದ ಗಿಡವೇ ಒಂದೇ ದಿನದಲ್ಲಿ ಬಾಡಿ ಬೀಳುವುದುಂಟು. ಸೊಪ್ಪಿನ ಬೀಜವನ್ನು ಒಮ್ಮೆಗೇ ಚೆಲ್ಲದೆ ಹದಿನೈದು ದಿನಕ್ಕೊಂದು ಪಟ್ಟಿಯಂತೆ ಬಿತ್ತುವರು. ಹಿತ್ತಲು ಮಾಡಿ ಕೈಬಿಟ್ಟವರಲ್ಲಿ ಬಹುಮಂದಿ ಸೋತುದು ಇದೊಂದೇ ತಪ್ಪಿನಿಂದ: ಪೊಟ್ಟಣದಲ್ಲಿದ್ದ ಬೀಜವನ್ನೆಲ್ಲ ಒಂದೇ ದಿನ ಬಿತ್ತಿ, ಒಂದು ವಾರ ಊರಿಗೆಲ್ಲ ಹಂಚುವಷ್ಟು ಸೊಪ್ಪು ಕಿತ್ತು, ಅನಂತರ ಮೂರು ತಿಂಗಳು ಬರಿಯ ನೆಲ ನೋಡುವುದು.

ಇಷ್ಟು ನೆಲದಿಂದ ಎಷ್ಟು ಬಂದೀತು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2024ರಲ್ಲಿ ಪ್ರಕಟಿಸಿದ ಆಹಾರ ಸೂತ್ರಗಳ ಪ್ರಕಾರ ಮನುಷ್ಯನೊಬ್ಬನಿಗೆ ದಿನಕ್ಕೆ 400 ಗ್ರಾಂ ಕಾಯಿಪಲ್ಯ ಸೊಪ್ಪುಗಳೂ, 100 ಗ್ರಾಂ ಹಣ್ಣೂ ಇರತಕ್ಕದ್ದು. ಐವರ ಮನೆಗೆ ಕಾಯಿಪಲ್ಯವೇ ದಿನಕ್ಕೆ 2 ಕಿಲೋಗ್ರಾಂ, ವರ್ಷಕ್ಕೆ 730 ಕಿಲೋಗ್ರಾಂ ಆಗುವುದು. ಹಿತ್ತಲಿನಲ್ಲಿ ಕಾಲುದಾರಿ, ಮರಗಳ ಬುಡ ಇವನ್ನು ಕಳೆದು 200 ಚದರ ಮೀಟರು ಸಾಗುವಳಿಗೆ ದೊರೆಯುವುದೆಂದೂ, ವರ್ಷಕ್ಕೆ ಎರಡು ಬೆಳೆಯೆಂದೂ, ಬೆಳೆಯೊಂದಕ್ಕೆ ಚದರ ಮೀಟರಿಗೆ ಒಂದೂವರೆ ಕಿಲೋಗ್ರಾಮಿನಂತೆಯೂ ಇಟ್ಟರೆ 600 ಕಿಲೋಗ್ರಾಂ ಬರುವುದು. ಈರುಳ್ಳಿ, ಆಲೂಗೆಡ್ಡೆಗಳಿಗೆ ಸಂತೆಗೆ ಹೋಗಬೇಕಾದೀತು, ಉಳಿದುದಕ್ಕೆ ಹೋಗಬೇಕಾಗಿಲ್ಲ.

ಇನ್ನು ಮಗನ ಲೆಕ್ಕ. ಒಂಬತ್ತು ಅಡಿಗೊಂದರಂತೆ ನೆಟ್ಟರೆ ಎರಡೂವರೆ ಗುಂಟೆಯಲ್ಲಿ ಮೂವತ್ತಮೂರು ಅಡಿಕೆ ಗಿಡ ಹಿಡಿಯುವುವು. ಫಲಕ್ಕೆ ಬಂದ ಮೇಲೆ ಗಿಡಕ್ಕೆ ಎರಡು ಕಿಲೋಗ್ರಾಂ ಒಣ ಅಡಿಕೆ, ಕ್ವಿಂಟಾಲಿಗೆ 45,000 ರೂಪಾಯಿ ಎಂದು ಇಟ್ಟುಕೊಂಡರೆ 29,700 ರೂಪಾಯಿ. ಕಾಯಿಪಲ್ಯವನ್ನು ಕಿಲೋಗ್ರಾಮಿಗೆ 35 ರೂಪಾಯಿಯಂತೆ ಕಟ್ಟಿದರೆ 600 ಕಿಲೋಗ್ರಾಮಿಗೆ 21,000 ರೂಪಾಯಿ. ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಇವುಗಳ ಕೂಲಿಯನ್ನು ಅಡಿಕೆಯಿಂದ ಕಳೆಯಬೇಕು. ಕಾಯಿಪಲ್ಯದಿಂದ ಮನೆಯವರ ದುಡಿಮೆಯನ್ನು ಕಳೆಯಬೇಕು. ಹೇಗೆ ಕಳೆದರೂ ಬೆಲೆ ಚೆನ್ನಾಗಿರುವ ವರ್ಷದಲ್ಲಿ ಅಡಿಕೆಯೇ ಗೆಲ್ಲುವುದು. ಇದನ್ನು ಮರೆಮಾಚಿ ಹಿತ್ತಲಿನ ಪ್ರಶಂಸೆ ಮಾಡುವ ಉಪನ್ಯಾಸಗಳನ್ನು ರೈತರು ನಂಬುವುದಿಲ್ಲ, ನಂಬದಿರುವುದೇ ಸರಿ.

ಆದರೆ ಲೆಕ್ಕದ ಪುಸ್ತಕದಲ್ಲಿ ಬರೆಯದೆ ಹೋಗುವ ಸಂಗತಿಯೊಂದುಂಟು. ಅಡಿಕೆಯಿಂದ ಬಂದ ಆ ಹಣವು ಕಾಯಿಪಲ್ಯವಾಗಿ ಮನೆಗೆ ಬರುವುದಿಲ್ಲ. ಸಂತೆಯಿಂದ ವಾರಕ್ಕೊಮ್ಮೆ ಬರುವ ಚೀಲದಲ್ಲಿ ಈರುಳ್ಳಿ, ಆಲೂಗೆಡ್ಡೆ, ಟೊಮಾಟೋಗಳೇ ಹೆಚ್ಚು; ಸೊಪ್ಪು ಬಂದರೂ ಮೂರನೆಯ ದಿನಕ್ಕೆ ಬಾಡಿ ದನದ ಮುಂದೆ ಬೀಳುವುದು. ವಾರದ ಕಡೆಯ ಮೂರು ದಿನ ಬೇಳೆಯ ಸಾರು, ಉಪ್ಪಿನಕಾಯಿಗಳಲ್ಲಿಯೇ ಊಟ ಮುಗಿಯುವುದು. ಕೊಂಡು ತಿನ್ನುವ ಮನೆ ಎಣಿಸಿ ತಿನ್ನುವುದು. ಬೆಳೆದು ತಿನ್ನುವ ಮನೆ ಬಡಿಸಿ ತಿನ್ನುವುದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ಣಾಟಕದ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೂ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೂ ರಕ್ತಹೀನತೆ ಕಂಡುಬಂದಿತು. ರಕ್ತಹೀನತೆಗೆ ಕಾರಣಗಳು ಹಲವಿರುವುದರಿಂದ ಹರಿವೆ ಸೊಪ್ಪೊಂದರಿಂದಲೇ ಅದು ವಾಸಿಯಾಗುವುದೆಂದು ಯಾರೂ ಹೇಳಲಾರರು. ಆದರೆ ದಿನವೂ ಸೊಪ್ಪು, ಅದರ ಮೇಲೆ ಅರ್ಧ ಹೋಳು ನಿಂಬೆಯ ಹುಳಿ, ಕಬ್ಬಿಣಾಂಶವು ದೇಹಕ್ಕೆ ಹತ್ತಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ತೋಟದ ಯಜಮಾನರ ಮಗಳಾದ ಮಾತ್ರಕ್ಕೆ ಶಾಲೆಯ ಹುಡುಗಿಯ ಮುಖ ಬಿಳಿಚಿಕೊಳ್ಳದೆ ಇರುವುದಿಲ್ಲ.

ಒಂದೇ ಬೆಳೆಯ ಮೇಲೆ ಸಂಸಾರವನ್ನೆಲ್ಲ ಹೊರಿಸುವುದು ಎಷ್ಟು ಉಚಿತವೆಂಬ ಪ್ರಶ್ನೆಯೂ ಇದೆ. 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರುಗಳಲ್ಲಿ ನೀರು ತಂದು ತೋಟ ಉಳಿಸಿಕೊಂಡವರು ಈ ಸೀಮೆಯಲ್ಲಿ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅಡಿಕೆಯನ್ನು ಕ್ಯಾನ್ಸರಿಗೆ ಕಾರಣವಾಗುವ ಪದಾರ್ಥಗಳ ಮೊದಲನೆಯ ಗುಂಪಿನಲ್ಲಿ ಸೇರಿಸಿರುವುದೂ ಬೆಳೆಗಾರರಿಗೆ ತಿಳಿಯದ ವಿಷಯವಲ್ಲ. ಅಡಿಕೆಯನ್ನು ಕಿತ್ತೆಸೆಯಬೇಕೆಂದು ಇದರ ಅರ್ಥವಲ್ಲ. ಬೆಲೆ ಬಿದ್ದ ವರ್ಷ ಒಲೆಯ ಮೇಲಿನ ಪಾತ್ರೆಗೆ ಬೇರೊಂದು ಆಧಾರವಿರಲಿ ಎಂಬಷ್ಟೇ ಅಭಿಪ್ರಾಯ.

ಹಿತ್ತಲೇ ಏಕೆ, ಅಡಿಕೆಯ ಸಾಲುಗಳ ನಡುವೆಯೇ ಕಾಯಿಪಲ್ಯ ಬೆಳೆಯಬಾರದೇ ಎಂದು ಕೆಲವರು ಕೇಳುವರು. ಎಳೆಯ ತೋಟದಲ್ಲಿ ಮೊದಲ ಮೂರು ನಾಲ್ಕು ವರ್ಷ ಬೆಳೆಯಬಹುದು. ಗರಿಗಳು ಒಂದಕ್ಕೊಂದು ಕೂಡಿಕೊಂಡ ಮೇಲೆ ಬದನೆ, ಬೆಂಡೆ, ಮೆಣಸಿನ ಗಿಡಗಳಿಗೆ ಬಿಸಿಲು ಸಾಲದು. ಗಿಡ ಎತ್ತರವಾಗಿ ಸೊರಗುವುದೇ ಹೊರತು ಕಾಯಿ ಕಚ್ಚುವುದಿಲ್ಲ. ಸುವರ್ಣಗೆಡ್ಡೆ, ಕೆಸವು, ಶುಂಠಿಗಳಿಗೆ ಆ ನೆರಳು ಅಡ್ಡಿಯಿಲ್ಲ. ಇದಲ್ಲದೆ ಇನ್ನೊಂದು ಅಪಾಯವನ್ನು ಮರೆಯಬಾರದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪದ್ಧತಿಯು ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರ ಕಾಲದಿಂದ ಬಂದುದು; ಅದರ ಉಪಕಾರ ದೊಡ್ಡದು. ಆದರೆ ಗೊನೆಯ ಮೇಲೆ ಹೊಡೆದ ಮೈಲುತುತ್ತು ಸುಣ್ಣಗಳ ನೀರು ಕೆಳಗಿನ ಸೊಪ್ಪಿನ ಮೇಲೆ ಇಳಿಯದೆ ಬಿಡದು. ಈಚೆಗೆ ಬಳಕೆಗೆ ಬಂದಿರುವ ಕಳೆನಾಶಕಗಳ ಮಾತಂತೂ ಬೇರೆ ಹೇಳಬೇಕಾಗಿಲ್ಲ. ತಿನ್ನುವ ಸೊಪ್ಪಿಗೆ ಬೇರೆ ಜಾಗವಿರುವುದೇ ಮೇಲು.

ನೀರಿನ ವಿಷಯದಲ್ಲಿ ಅತಿಶಯೋಕ್ತಿ ಬೇಡ. ಬಚ್ಚಲ ನೀರಿನಿಂದಲೇ ಹಿತ್ತಲು ಹಸಿರಾಗುವುದೆಂಬ ಮಾತು ಪೂರ್ತಿ ನಿಜವಲ್ಲ. ತಲೆಗೆ ದಿನಕ್ಕೆ 55 ಲೀಟರಿನಂತೆ ಐವರ ಮನೆಯಲ್ಲಿ 275 ಲೀಟರು ನೀರು ಬಳಕೆಯಾಗಿ, ಅದರಲ್ಲಿ 150 ಲೀಟರು ಬಚ್ಚಲಿನಿಂದ ಹೊರಕ್ಕೆ ಬರುವುದೆಂದು ಇಟ್ಟರೂ, ಬೇಸಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ನಾಲ್ಕು ಲೀಟರು ಬೇಕಾದ್ದರಿಂದ ಮೂವತ್ತೇಳು ಚದರ ಮೀಟರಿಗೆ ಮಾತ್ರ ಅದು ಸಾಲುವುದು. ಈ ದಂಪತಿಗಳು ಮಾಡುವುದೂ ಹಾಗೆಯೇ: ಮಾರ್ಚಿಯಿಂದ ಮೇ ತಿಂಗಳವರೆಗೆ ಎರಡು ಮಡಿ ಸೊಪ್ಪು, ಬಾಳೆ, ಕೆಸವು, ಬಸಳೆ ಇಷ್ಟಕ್ಕೆ ಬಚ್ಚಲ ನೀರು, ಉಳಿದ ಮಡಿಗಳಿಗೆ ಕೊಟ್ಟಿಗೆಯ ಗೊಬ್ಬರ ಹರಡಿ, ಅಡಿಕೆಯ ಸೋಗೆ ಮುಚ್ಚಿ ವಿಶ್ರಾಂತಿ. ಸಾಬೂನಿನ ನೀರನ್ನು ನೇರವಾಗಿ ಸೊಪ್ಪಿಗೆ ಬಿಡದೆ ಬಾಳೆಯ ಬುಡಕ್ಕೆ ಮೊದಲು ಹಾಯಿಸುವುದು ಅವರ ವಾಡಿಕೆ.

ಗೊಬ್ಬರದ ಮಾತು ಬಂದುದರಿಂದ ಎತ್ತುಗಳ ಮಾತನ್ನೂ ಹೇಳಬೇಕು. ನೆರೆಯ ಅಜ್ಜಂಪುರದ ಅಮೃತಮಹಲ್ ತಳಿ ನಾಡಿಗೆಲ್ಲ ಪ್ರಸಿದ್ಧವಾದುದು. ಒಂದು ಕಾಲದಲ್ಲಿ ಈ ಸೀಮೆಯ ಗೃಹಸ್ಥರಿಗೆ ಒಳ್ಳೆಯ ಜೊತೆ ಎತ್ತು ಕಟ್ಟಿರುವುದೇ ಮರ್ಯಾದೆಯಾಗಿತ್ತು. ಅಡಿಕೆಗೆ ಉಳುಮೆಯಿಲ್ಲ, ಆದಕಾರಣ ಎತ್ತು ಹೋದುವು. ಎತ್ತಿನ ಹಿಂದೆ ಗೊಬ್ಬರದ ಗುಂಡಿ ಹೋಯಿತು. ಗುಂಡಿಯ ಹಿಂದೆ ಹಿತ್ತಲೂ ಹೋಯಿತು. ಈಗ ಲಾರಿಯಲ್ಲಿ ಗೊಬ್ಬರ ಕೊಳ್ಳುವವರು ಹೆಚ್ಚು. ಈ ಮನೆಯಲ್ಲಿ ಎತ್ತುಗಳು ಉಳಿದಿರುವುದು ಗದ್ದೆಗಿಂತ ಬಂಡಿಗಾಗಿ.

ಅಡಿಗೆಮನೆಯಲ್ಲಿ ವಿಶೇಷವೆನ್ನುವಂಥದು ಏನೂ ಇಲ್ಲ. ಅದೇ ಅದರ ವಿಶೇಷ. ಬೆಳಗ್ಗೆ ರೊಟ್ಟಿ, ಹೀರೆಯ ಸಿಪ್ಪೆಯ ಚಟ್ನಿ. ಮಧ್ಯಾಹ್ನ ಮುದ್ದೆ, ಬಸ್ಸಾರು ಅಥವಾ ಮಸ್ಸೊಪ್ಪು. ರಾತ್ರಿ ಅನ್ನ, ಮಜ್ಜಿಗೆ, ಯಾವುದಾದರೊಂದು ಪಲ್ಯ. ಚನ್ನಗಿರಿಯು ಮುದ್ದೆಯ ಸೀಮೆಗೂ ರೊಟ್ಟಿಯ ಸೀಮೆಗೂ ನಡುವೆ ಇರುವುದರಿಂದ ಎರಡರ ಸುಖವೂ ಇಲ್ಲಿಯ ಮನೆಗಳಿಗೆ ಉಂಟು. ಹಿತ್ತಲಿನಲ್ಲಿ ಏನು ಬಲಿತಿದೆಯೋ ಅದು ಅಂದಿನ ಅಡಿಗೆ. ಇಂದು ಏನು ಮಾಡಲಿ ಎಂಬ ಪ್ರಶ್ನೆಯನ್ನು ಹಿತ್ತಲೇ ತೀರಿಸುತ್ತದೆ. ಸೊಸೆಯು ಮೊದಲು ಪಟ್ಟಣದ ರೀತಿಯ ಮಸಾಲೆಗಳನ್ನು ಬಯಸಿದಳಾದರೂ ಈಗ ಎಣ್ಣೆಗಾಯಿಗೆ ಬದನೆಯನ್ನು ತಾನೇ ಆರಿಸಿ ಕೊಯ್ಯುತ್ತಾಳೆ. ಬೆಳೆದುದನ್ನು ಅಡಿಗೆಗೆ ಮಾತ್ರವಲ್ಲದೆ ಒಣಗಿಸಿಡುವುದಕ್ಕೂ ಉಪಯೋಗಿಸುವರು: ಮಜ್ಜಿಗೆ ಮೆಣಸಿನಕಾಯಿ, ಬೂದುಗುಂಬಳದ ಸಂಡಿಗೆ, ಹಾಗಲದ ಬಾಳಕ. ಇವು ಮಳೆಗಾಲಕ್ಕಲ್ಲದೆ ಬಂಡಿಯ ಯಾತ್ರೆಗೂ ಬೇಕಾದುವು.

ಅಡಿಕೆಯ ಕೊಯ್ಲು ಮುಗಿದು, ಬೇಯಿಸಿ ಒಣಗಿಸುವ ಕೆಲಸವೂ ತೀರಿದ ಮೇಲೆ ಮಾಘ ಮಾಸದಲ್ಲಿ ಈ ದಂಪತಿಗಳು ಬಂಡಿ ಕಟ್ಟುತ್ತಾರೆ. ಹೋಗುವುದು ಮೈಲಾರಕ್ಕೆ. ಭರತ ಹುಣ್ಣಿಮೆಯ ಅನಂತರ ಅಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದು ಮಾತಿನ ಕಾರಣಿಕವನ್ನು ಕೇಳಲು ಸುತ್ತಲಿನ ಜಿಲ್ಲೆಗಳ ಒಕ್ಕಲು ಮಕ್ಕಳು ಬಂಡಿಗಳಲ್ಲಿ ಸೇರುವುದು ಹಳೆಯ ಪದ್ಧತಿ. ಆ ಮಾತಿನಿಂದ ಮುಂಬರುವ ವರ್ಷದ ಮಳೆ ಬೆಳೆಗಳನ್ನು ಊಹಿಸುವರು; ಒಂದೇ ಮಾತಿಗೆ ಹತ್ತು ಬಂಡಿಗಳಲ್ಲಿ ಹತ್ತು ಅರ್ಥ ಹೊರಡುವುದೂ ಉಂಟು. ಈಗ ಬಹುಮಂದಿ ಟ್ರ್ಯಾಕ್ಟರುಗಳಲ್ಲಿ ಒಂದೇ ದಿನದಲ್ಲಿ ಹೋಗಿ ಬರುತ್ತಾರೆ. ಈ ದಂಪತಿಗಳಿಗೆ ನಾಲ್ಕೈದು ದಿನದ ದಾರಿ. ಮೊದಲ ರಾತ್ರಿ ಸಂತೇಬೆನ್ನೂರಿನ ಪುಷ್ಕರಣಿಯ ಆಸುಪಾಸಿನಲ್ಲಿ. ಅಲ್ಲಿಂದ ದಾವಣಗೆರೆಯ ಹೊರಹಾದಿ ಹಿಡಿದು ಹರಿಹರ. ಸೂಳೆಕೆರೆಯಿಂದ ಹೊರಟ ಹರಿದ್ರಾ ಹಳ್ಳವು ತುಂಗಭದ್ರೆಯನ್ನು ಕೂಡುವುದು ಹರಿಹರದಲ್ಲಿಯೇ. ತಮ್ಮ ಕೆರೆಯ ನೀರು ತಮಗಿಂತ ಮೊದಲೇ ಬಂದು ಸೇರಿದೆಯೆಂದು ಆ ಗೃಹಿಣಿಯು ಪ್ರತಿ ವರ್ಷವೂ ಹೇಳುವಳಂತೆ. ಹರಿಹರ ದಾಟಿ ಹರಪನಹಳ್ಳಿಯ ಕಡೆಗೆ ತಿರುಗಿದರೆ ಅಡಿಕೆಯ ನೆರಳು ಎಲ್ಲಿಯೂ ಇಲ್ಲ. ಕೊಯ್ದ ಮೆಕ್ಕೆಜೋಳದ ಕೂಳೆ, ಬಿಳಿಜೋಳ, ಕಪ್ಪು ಭೂಮಿ.

ದಾರಿಯಲ್ಲಿ ಎತ್ತು ಬಿಚ್ಚಿದೆಡೆ ಮೂರು ಕಲ್ಲಿಟ್ಟು ಒಲೆ ಹೂಡುವರು. ಮನೆಯಲ್ಲಿ ಒಲೆಯ ಬಳಿ ಸುಳಿಯದ ಯಜಮಾನನು ಇಲ್ಲಿ ನೀರು ತರುವನು, ಬೆಂಕಿ ಮಾಡುವನು, ಮುದ್ದೆಯನ್ನೂ ತಿರುವುವನು. ಒಣಗಿದ ಕಟಕ ರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ, ಬಾಳಕ, ಗಡಿಗೆಯ ಮೊಸರು ಬಂಡಿಯಲ್ಲಿರುತ್ತವೆ. ಕಾಯಿಪಲ್ಯ ಮೂರು ದಿನಕ್ಕಾಗುವಷ್ಟು ಹಿತ್ತಲಿನದು. ಮುಗಿದ ಮೇಲೆ ದಾರಿಯ ಊರುಗಳಲ್ಲಿ ಸೌತೆ, ಅವರೆ ಕೊಳ್ಳುವರು. ಆಗಲೇ ಬೀಜದ ಮಾತು ಬರುವುದು. ಚೆನ್ನಾದ ಕಾಯಿ ಕಂಡರೆ ಅದರ ಬೀಜವನ್ನು ಕೇಳಿ ಪಡೆದು, ತಮ್ಮ ಚೀಲದಿಂದ ಬೇರೆ ಬೀಜವನ್ನು ಕೊಡುವರು. ಅವರ ಹಿತ್ತಲಿನ ಹೀರೆಯೊಂದು, ಬಿಳಿಯ ಬದನೆಯೊಂದು ಹೀಗೆ ದಾರಿಯಿಂದ ಬಂದವು. ಮನೆಯಲ್ಲಿ ಮೊದಲ ಒಳ್ಳೆಯ ಕಾಯನ್ನು ಬೀಜಕ್ಕೆ ಬಿಟ್ಟು, ಒಣಗಿಸಿ, ಬೂದಿ ಬೆರೆಸಿ ಸೋರೆಬುರುಡೆಯಲ್ಲಿ ಇಡುವರು. ಸಂಕರ ತಳಿಯ ಬೀಜ ತಂದವರು ಹೀಗೆ ಉಳಿಸಿಕೊಳ್ಳಲಾಗದು; ಮರುವರ್ಷ ಗುಣ ಒಡೆದುಹೋಗುವುದು. ಹೆಸರುಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ಅನಾಮಿಕ ಬೆಂಡೆಯಂಥ ಸಂಕರವಲ್ಲದ ತಳಿಗಳಲ್ಲಿ ಈ ತೊಂದರೆಯಿಲ್ಲ.

ಎತ್ತಿನ ನಡಿಗೆಯಲ್ಲಿ ಹೋಗುವವನಿಗೆ ಇತರರ ಬೇಸಾಯ ಕಣ್ಣಿಗೆ ಬೀಳುವಷ್ಟು ಮೋಟಾರಿನಲ್ಲಿ ಹೋಗುವವನಿಗೆ ಬೀಳದು. ಪ್ರವಾಸವೆಂದು ರೈತರನ್ನು ಬಸ್ಸಿನಲ್ಲಿ ಕೂರಿಸಿ, ಮಾದರಿ ತಾಕನ್ನು ಅರ್ಧ ಗಂಟೆ ತೋರಿಸಿ, ಊಟ ಹಾಕಿಸಿ ಕರೆತರುವುದಕ್ಕಿಂತ ಇಂಥ ಬಂಡಿಯ ದಾರಿಯಲ್ಲಿ ಕಲಿಯುವುದು ಹೆಚ್ಚೆಂದು ಹೇಳಿದರೆ ಅಧಿಕಾರಿಗಳು ಮನ್ನಿಸಬೇಕು. ಬಂಡಿ ಕಟ್ಟುವವರು ಗಮನಿಸತಕ್ಕ ಒಂದು ವಿಷಯ: 2022ರಲ್ಲಿ ಚರ್ಮಗಂಟು ರೋಗವು ರಾಜ್ಯದಲ್ಲೆಲ್ಲ ಹಬ್ಬಿ ಬಹಳ ರಾಸುಗಳು ಸತ್ತವು. ಜಾತ್ರೆಗೆ ಹೋಗುವ ಎತ್ತುಗಳಿಗೆ ಆ ರೋಗಕ್ಕೂ, ಕಾಲುಬಾಯಿ ಜ್ವರಕ್ಕೂ ಹೊರಡುವ ದಿನಕ್ಕೆ ಮೂರು ವಾರ ಮುಂಚೆಯೇ ಲಸಿಕೆ ಹಾಕಿಸಿರಬೇಕು. ಹಿಂದಿನ ದಿನ ಹಾಕಿಸಿದ ಲಸಿಕೆಯಿಂದ ಫಲವಿಲ್ಲ.

ಹತ್ತು ದಿನ ಮನೆ ಬಿಟ್ಟರೆ ತೋಟದ ಗತಿಯೇನು, ಇದು ಸೋಮಾರಿತನದ ಶೋಕಿಯಲ್ಲವೇ ಎಂದು ನೆರೆಯವರ ಆಕ್ಷೇಪಣೆ. ವರ್ಷವೆಲ್ಲ ದುಡಿಯುವ ಗಂಡಹೆಂಡಿರು ಹತ್ತು ದಿನ ಒಬ್ಬರೊಡನೊಬ್ಬರು ಮಾತಾಡಿಕೊಂಡು ಹೋಗುವುದನ್ನು ಶೋಕಿಯೆನ್ನುವುದಾದರೆ, ಸಾಲ ಮಾಡಿ ಕೊಂಡು ಮನೆಯ ಮುಂದೆ ನಿಲ್ಲಿಸಿದ ಕಾರಿಗೆ ಏನೆನ್ನಬೇಕೋ ತಿಳಿಯದು. ಅವರು ಇಲ್ಲದ ದಿನಗಳಲ್ಲಿ ಹಿತ್ತಲಿಗೆ ನೀರು ಹಾಯಿಸುವವರು ಮಗ ಸೊಸೆಯರು. ಅಡಿಕೆ ಸಸಿ ತಂದ ಮಗನು ಬೆಂಡೆ ಯಾವಾಗ ಕೊಯ್ಯಬೇಕೆಂಬುದನ್ನು ಕಲಿತುದು ಈ ಹತ್ತು ದಿನಗಳಲ್ಲಿಯೇ.

ಇಂಥ ಜೀವನವು ಹಳೆಯ ಕಾಲದವರಿಗೆ ಮಾತ್ರ ಒಪ್ಪುವುದೆಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿ ಕಾರ್ಖಾನೆಗಳಿಂದಲೂ ಕಛೇರಿಗಳಿಂದಲೂ ನಿವೃತ್ತರಾದ ಎಷ್ಟೋ ದಂಪತಿಗಳು ಹೀಗೆಯೇ ಕಾಲ ಕಳೆಯುತ್ತಾರೆ: ಬಾಡಿಗೆಯ ತುಂಡು ನೆಲದಲ್ಲಿ ಕಾಯಿಪಲ್ಯ, ಅದರಿಂದ ಮನೆಯ ಅಡಿಗೆ, ಬೇಸಗೆಯಲ್ಲಿ ಕಾರಿಗೆ ಗಾಲಿಯ ಮನೆಯನ್ನು ಸಿಕ್ಕಿಸಿಕೊಂಡು ದೇಶ ಸಂಚಾರ. ಆ ಗಾಲಿಯ ಮನೆಗೆ ಕ್ಯಾರವಾನ್ ಎಂದು ಹೆಸರು. ವಿನೋದಕ್ಕಾಗಿ ಅದನ್ನು ಮೊದಲು ಕಟ್ಟಿಸಿದವರು ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾದಳದ ನಿವೃತ್ತ ವೈದ್ಯರು. 1885ರಲ್ಲಿ, ಕುದುರೆಗಳು ಎಳೆಯುವಂಥದು. ನಮ್ಮ ಕಮಾನುಬಂಡಿಗೂ ಅದಕ್ಕೂ ಹಾಸಿಗೆ ಒಲೆಗಳ ಅಚ್ಚುಕಟ್ಟಿನಲ್ಲಿ ವ್ಯತ್ಯಾಸವೇ ಹೊರತು ಉದ್ದೇಶದಲ್ಲಿ ಇಲ್ಲ. ತುಂಡು ನೆಲಕ್ಕೆ ಅವರು ಅಲಾಟ್‌ಮೆಂಟ್ ಎನ್ನುವರು. ಜನರು ಕೇಳಿದಲ್ಲಿ ಅಂಥ ನೆಲವನ್ನು ಒದಗಿಸುವ ಹೊಣೆಯನ್ನು 1908ರ ಕಾಯಿದೆಯು ಅಲ್ಲಿಯ ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು. ಅದರ ವಾಡಿಕೆಯ ಅಳತೆ ಹತ್ತು ರಾಡು. ನಮ್ಮ ಲೆಕ್ಕದಲ್ಲಿ ಸರಿಯಾಗಿ ಎರಡೂವರೆ ಗುಂಟೆ. ಸೂಳೆಕೆರೆಯ ಕೆಳಗಿನ ಹಿತ್ತಲಿಗೂ ಅದಕ್ಕೂ ಅಳತೆ ಕೂಡಿಬಂದುದು ಆಕಸ್ಮಿಕವೇ ಇರಬಹುದು. ಒಂದು ಸಂಸಾರವು ಬೇಸರವಿಲ್ಲದೆ ಕೈಯಿಂದ ಸಾಗಿಸಬಲ್ಲ ನೆಲವು ಎಲ್ಲಿಯೂ ಅಷ್ಟೇ ಇರುವುದೂ ಸಂಭವ.

ಇಲ್ಲಿ ಗ್ರಾಮ ಮುಖಂಡರ ಪಾತ್ರ ಬರುತ್ತದೆ. ವಂಶಪಾರಂಪರ್ಯವಾದ ಪಟೇಲಿಕೆಯು 1961ರ ಕಾಯಿದೆಯಿಂದ ರದ್ದಾದರೂ, ಊರಿನ ಹಿರಿಯರು ಮಾಡಿದುದನ್ನು ಊರು ಮಾಡುವುದೆಂಬ ವಾಡಿಕೆಯನ್ನು ಯಾವ ಕಾಯಿದೆಯೂ ರದ್ದು ಮಾಡಿಲ್ಲ. ಹಿತ್ತಲ ಗೋಡೆಯವರೆಗೆ ಅಡಿಕೆ ನೆಟ್ಟವರಲ್ಲಿ ಮೊದಲಿಗರು ಅವರೇ ಆದ್ದರಿಂದ ಎರಡೂವರೆ ಗುಂಟೆಯನ್ನು ಬಿಡಿಸಿಕೊಡಬೇಕಾದವರೂ ಅವರೇ. ಫಲ ಕೊಡುವ ಮರವನ್ನು ಕಡಿಯಿರೆಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾದ್ದೂ ಇಲ್ಲ. ಮನೆಗೆ ಸಮೀಪವಾಗಿ ಮುದಿಯಾದ, ಹಿಡಿಮುಂಡಿಗೆ ಹತ್ತಿ ಕೆಟ್ಟ ಮರಗಳು ಹೋದೆಡೆಯಲ್ಲಿ ಮತ್ತೆ ಸಸಿ ಇಡದೆ ಇದ್ದರೆ ಸಾಕು. ಹೊಸ ಮನೆ ಕಟ್ಟುವವರು ಹಿಂದೆ ಅಷ್ಟು ನೆಲವನ್ನು ಬಿಟ್ಟೇ ಬುನಾದಿಯ ಗುರುತು ಹಾಕಿಸತಕ್ಕದ್ದು.

ನೆಲವೇ ಇಲ್ಲದವರ ಮಾತು ಇದಕ್ಕಿಂತ ಕಷ್ಟವಾದುದು. ಅಡಿಕೆಯ ಗೊನೆ ಇಳಿಸುವವರೂ, ರಾತ್ರಿಯೆಲ್ಲ ಕುಳಿತು ಸುಲಿಯುವ ಹೆಂಗಸರೂ ಬಹುಪಾಲು ಅಂಥವರು. ಅವರ ಸಂತೆಯ ಚೀಲವು ಯಜಮಾನರ ಚೀಲಕ್ಕಿಂತಲೂ ಚಿಕ್ಕದು. ಒಂದು ಗುಂಟೆಯನ್ನು ಅವರಿಗೆ ಬಿಟ್ಟುಕೊಡಲು ಮನಸ್ಸುಳ್ಳ ಭೂಮಾಲೀಕರೂ ಹಿಂಜರಿಯುವುದು ಕಾನೂನಿನ ಅಂಜಿಕೆಯಿಂದ: 1974ರ ಭೂಸುಧಾರಣಾ ತಿದ್ದುಪಡಿಯ ಅನಂತರ ಭೂಮಿಯನ್ನು ಗೇಣಿಗೆ ಕೊಡುವುದು ಸಾಮಾನ್ಯವಾಗಿ ನಿಷಿದ್ಧ. ಗೋಮಾಳದತ್ತ ಬೆರಳು ತೋರಿಸುವುದೂ ಸರಿಯಲ್ಲ. ನೂರು ರಾಸುಗಳಿಗೆ ಮೂವತ್ತು ಎಕರೆ ಗೋಮಾಳವಿರಬೇಕೆಂಬ ನಿಯಮವುಂಟು, ಅಷ್ಟೂ ಉಳಿದಿರುವ ಊರುಗಳು ವಿರಳ. ಆದಕಾರಣ ಗ್ರಾಮ ಪಂಚಾಯಿತಿಗೆ ಸೇರಿದ, ನೀರಿನ ತೊಟ್ಟಿಗೆ ಹತ್ತಿರವಾದ, ಈಗ ಜಾಲಿ ಬೆಳೆದು ಕಸ ಸುರಿಯುವ ತಾಣವಾಗಿರುವ ಅರ್ಧ ಎಕರೆಯನ್ನು ಗೊತ್ತುಮಾಡಿ, ಒಂದೊಂದು ಗುಂಟೆಯ ಇಪ್ಪತ್ತು ಪಟ್ಟಿಗಳಾಗಿ ಅಳೆದು, ಸಭೆಯಲ್ಲಿ ನಿರ್ಣಯ ಬರೆದು, ಒಂದು ವರ್ಷದ ಅನುಮತಿಯ ಮೇಲೆ ಇಪ್ಪತ್ತು ಮನೆಗಳಿಗೆ ಕೊಡುವುದೇ ಸಾಧ್ಯವಾದ ಮಾರ್ಗವೆಂದು ತೋರುತ್ತದೆ. ಹಕ್ಕು ಪಂಚಾಯಿತಿಯದು, ಬೆಳೆ ಬೆಳೆದವರದು. ಬೇಲಿಗೆ ಮುಳ್ಳುಕಂಟಿಯನ್ನೂ, ಮೊದಲ ವರ್ಷಕ್ಕೆ ನಾಲ್ಕು ಬಂಡಿ ಗೊಬ್ಬರವನ್ನೂ ತೋಟದ ಯಜಮಾನರು ಕೊಟ್ಟರೆ ಅವರಿಗೆ ಅದು ಹೊರೆಯಾಗಲಾರದು. ಪಟ್ಟಿ ಹಂಚುವಾಗ ಮುಖಂಡರ ಬಂಧುಗಳ ಹೆಸರು ಮೊದಲು ಬರುವುದೆಂಬ ಅನುಮಾನ ಎಲ್ಲ ಊರಿನಲ್ಲಿಯೂ ಇರುವುದರಿಂದ, ಚೀಟಿ ಎತ್ತಿಸುವುದು ಒಳ್ಳೆಯದು.

ರೋಹಿಣಿ ಮಳೆಗೆ ಮುಂಚೆ ನೆಲವನ್ನು ಒಂದು ಅಡಿ ಆಳಕ್ಕೆ ಅಗೆದು ಬಿಸಿಲಿಗೆ ಬಿಟ್ಟಿರಬೇಕು. ಮೊದಲ ಹದ ಮಳೆ ಬಿದ್ದ ಮೇಲೆ ಗುಂಟೆಗೆ ಎರಡು ಕ್ವಿಂಟಾಲಿನಂತೆ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ಮಡಿ ಕಟ್ಟುವುದು. ಬದನೆ, ಮೆಣಸು, ಟೊಮಾಟೋ ಬೀಜಗಳನ್ನು ಆಗಲೇ ಸಸಿಮಡಿಯಲ್ಲಿ ಚೆಲ್ಲಿದರೆ ಮೃಗಶಿರ ಕಳೆದು ಆರಿದ್ರಾ ಮಳೆಯ ವೇಳೆಗೆ ನಾಟಿಗೆ ಬರುವುವು. ಬೆಂಡೆ, ಹೀರೆ, ಅವರೆಗಳನ್ನು ನೆಟ್ಟಗೆ ನೆಲದಲ್ಲಿಯೇ ಊರಬೇಕು. ನುಗ್ಗೆಯ ಕೊಂಬೆಯನ್ನು ಬೇಲಿ ಕಟ್ಟುವ ದಿನವೇ ನೆಡಬಹುದು.